ಪಾಲಿಶ್ ಕಾಣದ ವಾಚುಗಳ ಊರಿನಲ್ಲಿ ಆರು ದಿನ

ನಮ್ಮ ತಂದೆಯವರು ತುಮಕೂರಿನಲ್ಲಿ ಮೂವತ್ತೆರಡು ವರ್ಷ ವಾಚ್ ರಿಪೇರಿ ಮಾಡಿದವರು. 1970ರ ದಶಕದ ಕೊನೆಗೆ ಊರಿಗೆ ಎಚ್‌ಎಂಟಿ ವಾಚ್ ಕಾರ್ಖಾನೆ ಬಂದಿತ್ತು. ಸುತ್ತಲಿನ ಮನೆಗಳಲ್ಲಿ ಒಂದು ಜನತಾ, ಒಂದು ಸೋನಾ, ಅಳಿಯನಿಗೆ ಮದುವೆಯಲ್ಲಿ ಕೊಟ್ಟ ಒಂದು ಕಾಂಚನ್ ಇರುತ್ತಿದ್ದ ಕಾಲ ಅದು. ತಮ್ಮ ಮೇಜಿಗೆ ಬಂದ ವಾಚು ಹೊಸದರಂತಾಗಿಯೇ ಹಿಂದಿರುಗಬೇಕು ಎಂಬುದು ಅವರ ವೃತ್ತಿಯ ಮೊದಲ ನಿಯಮ: ಗೀರು ಬಿದ್ದ ಕೇಸಿಗೆ ಪಾಲಿಶ್, ಮಬ್ಬಾದ ಗಾಜಿಗೆ ಬದಲಿ ಗಾಜು, ಮಾಸಿದ ಡಯಲಿಗೆ ಹೊಸ ಬಣ್ಣ. ಹಳೆಯ ವಾಚುಗಳ ಹರಾಜಿನ ಬಗ್ಗೆ ಓದತೊಡಗಿದ ಮೇಲೆ, ಈ ಮೂರು ಕೆಲಸಗಳೂ ಅಲ್ಲಿ ವಾಚಿನ ಬೆಲೆಯನ್ನು ಕೊಲ್ಲುವ ಅಪರಾಧಗಳು ಎಂದು ತಿಳಿದು ನನಗೆ ಒಂದು ಬಗೆಯ ಮುಜುಗರವೂ ಕುತೂಹಲವೂ ಒಟ್ಟಿಗೇ ಆದವು. ಆ ಕುತೂಹಲ 2019ರ ನವೆಂಬರಿನಲ್ಲಿ, ದೊಡ್ಡ ಹರಾಜು ಸಂಸ್ಥೆಗಳೆಲ್ಲ ಒಂದೇ ವಾರದಲ್ಲಿ ಸೇರುವ ಹೊತ್ತಿಗೆ, ನನ್ನನ್ನು ಜಿನೀವಾಕ್ಕೆ ಕರೆದೊಯ್ಯಿತು. ಕೈಯಲ್ಲಿದ್ದದ್ದು ತಂದೆಯವರ ಹಳೆಯ ಎಚ್‌ಎಂಟಿ ಜನತಾ. ಕೊಳ್ಳುವ ಶಕ್ತಿಯಾಗಲಿ ಉದ್ದೇಶವಾಗಲಿ ಇರಲಿಲ್ಲ.

ನವೆಂಬರ್ 6, ಬುಧವಾರ

ಹೋಟೆಲಿನಲ್ಲಿ ಪೆಟ್ಟಿಗೆ ಇಳಿಸಿ ಮೊದಲು ಹೋದದ್ದು ಪ್ಲೆನ್‌ಪಲೈ ಮೈದಾನಕ್ಕೆ. ಕೆಂಪು ಮಣ್ಣಿನ ಆ ವಜ್ರಾಕೃತಿಯ ಬಯಲಿನಲ್ಲಿ ಬುಧವಾರ ಮತ್ತು ಶನಿವಾರ ಹಳೆಯ ಸಾಮಾನುಗಳ ಸಂತೆ ಸೇರುತ್ತದೆ. ಕೋಟಿಗಳಲ್ಲಿ ಮಾತಾಡುವ ಹರಾಜುಮನೆಗಳನ್ನು ಕಾಣುವ ಮೊದಲು, ಅದೇ ಊರಿನಲ್ಲಿ ಹಳೆಯ ವಾಚು ಹತ್ತು ಇಪ್ಪತ್ತು ಫ್ರಾಂಕಿಗೆ ಸಿಗುವ ಜಾಗವನ್ನು ನೋಡಬೇಕೆನಿಸಿತ್ತು. ಬಿಸ್ಕತ್ತಿನ ಡಬ್ಬಿಗಳಲ್ಲಿ ಬೆಲ್ಟಿಲ್ಲದ ವಾಚುಗಳು, ಬರೀ ಕೇಸುಗಳು, ಕಳಚಿಟ್ಟ ಮಷೀನುಗಳು, ಮುಳ್ಳಿಲ್ಲದ ಡಯಲುಗಳು ರಾಶಿ ಬಿದ್ದಿದ್ದವು. ನಮ್ಮ ಅಂಗಡಿಯ ಕೆಳಗಿನ ಖಾನೆಯೇ ಇಲ್ಲಿಗೆ ಬಂದು ಕೂತಂತಿತ್ತು. ಮುದುಕರೊಬ್ಬರ ಬಳಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಐಗ್ಲಾಸ್ ಕೊಂಡೆ. ತಂದೆಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದುದು ಇಂಥದ್ದೇ, ಆದರೆ ಅದರ ಶಕ್ತಿ ಕಡಿಮೆ. ಇಡೀ ಪ್ರವಾಸದಲ್ಲಿ ನಾನು ಮಾಡಿದ ವಾಚಿನ ವ್ಯಾಪಾರ ಅದೊಂದೇ.

ಸಂಜೆ ರೋನ್ ನದಿಯ ಸೇತುವೆ ದಾಟಿ ಸೇಂಟ್ ಜರ್ವೆ ಬಡಾವಣೆಯ ಬೀದಿಗಳಲ್ಲಿ ತಿರುಗಿದೆ. ಸರೋವರದ ಕಡೆಯಿಂದ ಬೀಸುವ, ಇಲ್ಲಿನವರು ಬೀಜ್ ಎಂದು ಕರೆಯುವ ಚಳಿಗಾಳಿ ಕಿವಿಯನ್ನು ಕೊಯ್ಯುತ್ತಿತ್ತು. 16ನೆಯ ಶತಮಾನದಲ್ಲಿ ಧರ್ಮಸುಧಾರಕ ಕ್ಯಾಲ್ವಿನ್ ಆಭರಣ ಧರಿಸುವುದನ್ನು ನಿಷೇಧಿಸಿದಾಗ ಕೆಲಸ ಕಳೆದುಕೊಂಡ ಅಕ್ಕಸಾಲಿಗರು, ಫ್ರಾನ್ಸಿನಿಂದ ವಲಸೆ ಬಂದ ಗಡಿಯಾರದ ಕುಶಲಕರ್ಮಿಗಳ ಜೊತೆ ಸೇರಿ ಈ ಉದ್ಯಮಕ್ಕೆ ತಿರುಗಿದರು. 1601ರ ಹೊತ್ತಿಗೆ ಜಿನೀವಾದಲ್ಲಿ ಗಡಿಯಾರ ತಯಾರಕರ ಸಂಘವೇ ಇತ್ತು. ಒಡವೆಯನ್ನು ಬೇಡವೆಂದ ಊರು ಕೊನೆಗೆ ಕೈಗೆ ಕಟ್ಟುವ ಒಡವೆಯಿಂದಲೇ ಹೆಸರಾಯಿತು. ಮನೆಗಳ ಕಟ್ಟಕಡೆಯ ಮಹಡಿಗಳಲ್ಲಿ, ಬೆಳಕು ಹೆಚ್ಚು ಬೀಳುವ ಕಿಟಕಿಗಳ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿದ್ದ ಆ ಕುಶಲಕರ್ಮಿಗಳಿಗೆ ಕ್ಯಾಬಿನೋಟಿಯೆ ಎಂಬ ಹೆಸರಿತ್ತು. ತಂದೆಯವರೂ ಅಂಗಡಿಯ ಮೇಜನ್ನು ಬೀದಿಯ ಬೆಳಕಿಗೆ ಓರೆಯಾಗಿ ಹಾಕಿಕೊಂಡಿದ್ದರು.

ನವೆಂಬರ್ 7, ಗುರುವಾರ

ಹರಾಜಿಗೆ ಮುನ್ನ ನಡೆಯುವ ಪ್ರದರ್ಶನಕ್ಕೆ ಯಾರು ಬೇಕಾದರೂ ಹೋಗಬಹುದು, ಟಿಕೆಟ್ ಇಲ್ಲ. ಇದನ್ನು ಓದಿ ತಿಳಿದಿದ್ದೆನಾದರೂ, ಊರಾಚೆ ಸರೋವರದ ದಡದಲ್ಲಿರುವ ಲಾ ರಿಸರ್ವ್ ಹೋಟೆಲಿನ ಬಾಗಿಲಲ್ಲಿ ಕಾಲು ಸ್ವಲ್ಪ ತಡವರಿಸಿತು. ಒಳಗೆ ಫಿಲಿಪ್ಸ್ ಎಂಬ ಹರಾಜು ಸಂಸ್ಥೆಯವರು ವಾರಾಂತ್ಯದ ಹರಾಜಿನ ವಾಚುಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ಲಾಟ್ ಸಂಖ್ಯೆ ಹೇಳಿ ಕೇಳಿದರೆ, ಬಟ್ಟೆ ಹಾಸಿದ ತಟ್ಟೆಯಲ್ಲಿ ವಾಚನ್ನು ತಂದು ಎದುರಿಗಿಡುತ್ತಾರೆ. ನನ್ನ ಕೋಟು, ನನ್ನ ಜನತಾ ಎರಡನ್ನೂ ನೋಡಿದ ಮೇಲೂ ಆ ಯುವತಿ ಯಾವ ಸಂಕೋಚವೂ ಇಲ್ಲದೆ ಒಂದರ ನಂತರ ಒಂದನ್ನು ತಂದು ತೋರಿಸಿದರು.

ಅವರಿಂದ ಕಲಿತದ್ದನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಈ ವ್ಯವಹಾರದ ಮರ್ಮವೆಲ್ಲ ಅದರಲ್ಲಿದೆ. ಮೊದಲು ನೋಡುವುದು ಕೇಸನ್ನು. ಬೆಲ್ಟು ಸಿಕ್ಕಿಸುವ ನಾಲ್ಕು ಕಾಲುಗಳ ಅಂಚು ಚೂಪಾಗಿ, ಕಾರ್ಖಾನೆಯಿಂದ ಬಂದ ದಿನದ ಆಕಾರದಲ್ಲೇ ಇರಬೇಕು. ಒಂದೆರಡು ಸಲ ಬಫಿಂಗ್ ಯಂತ್ರಕ್ಕೆ ಹಿಡಿದರೂ ಆ ಅಂಚು ಸೋಪಿನ ಬಿಲ್ಲೆಯಂತೆ ಉರುಟಾಗುತ್ತದೆ. ಚಿನ್ನದ ಕೇಸಾದರೆ ಕಾಲಿನ ಪಕ್ಕದಲ್ಲಿ ಒತ್ತಿದ ಚೊಕ್ಕತನದ ಮುದ್ರೆ ಎಷ್ಟು ಆಳವಾಗಿ ಉಳಿದಿದೆ ಎಂಬುದರಿಂದ ಎಷ್ಟು ಲೋಹ ಪಾಲಿಶಿನಲ್ಲಿ ಹೋಗಿದೆ ಎಂದು ಲೆಕ್ಕ ಹಾಕುತ್ತಾರೆ. ಆಮೇಲೆ ಡಯಲ್: ಅಕ್ಷರಗಳು ಮೂಲದವೇ ಅಥವಾ ಅಳಿಸಿ ಬರೆದವೇ, ನಿಮಿಷದ ಗೆರೆಗಳು ಒಂದೇ ಅಂತರದಲ್ಲಿವೆಯೇ, ಗೆರೆಯ ತುದಿ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿದೆಯೇ. ಕತ್ತಲೆಯಲ್ಲಿ ಹೊಳೆಯಲೆಂದು ಮುಳ್ಳು ಮತ್ತು ಡಯಲಿಗೆ ಹಚ್ಚಿದ ರಾಸಾಯನಿಕ ಎರಡೂ ಕಡೆ ಒಂದೇ ರೀತಿ ಹಣ್ಣಾಗಿದೆಯೇ ಎಂಬುದನ್ನು ಅತಿನೇರಳೆ ಬೆಳಕಿನ ಟಾರ್ಚಿನಲ್ಲಿ ಪರೀಕ್ಷಿಸುತ್ತಾರೆ. 1960ರ ದಶಕದ ಆರಂಭದವರೆಗೆ ಇದಕ್ಕೆ ರೇಡಿಯಂ ಬಳಸುತ್ತಿದ್ದರು, ನಂತರ ಟ್ರಿಟಿಯಂ ಬಂತು. ಆದ್ದರಿಂದ ಡಯಲಿನ ವಯಸ್ಸಿಗೂ ಹೊಳಪಿನ ವಯಸ್ಸಿಗೂ ತಾಳೆಯಾಗದಿದ್ದರೆ ಯಾರದೋ ಕೈ ನಡುವೆ ಬಂದಿದೆ ಎಂದೇ ಅರ್ಥ.

ಆಗ ತಟ್ಟೆಯಲ್ಲಿ ಬಂದದ್ದು ಒಂದು ಹಳೆಯ ರೋಲೆಕ್ಸ್ ಸಬ್‌ಮರೀನರ್. ಕಪ್ಪಾಗಿರಬೇಕಿದ್ದ ಅದರ ಡಯಲ್ ಬಿಸಿಲಿಗೂ ತೇವಕ್ಕೂ ಬಣ್ಣಗೆಟ್ಟು, ಹುರಿದ ಕಾಫಿ ಬೀಜದ ಕಂದು ಬಣ್ಣಕ್ಕೆ ತಿರುಗಿತ್ತು. ಹೀಗಾದ ಡಯಲುಗಳಿಗೆ ಟ್ರಾಪಿಕಲ್ ಎಂಬ ಗೌರವದ ಹೆಸರಿದೆ, ಕೆಡದೆ ಉಳಿದ ಕಪ್ಪು ಡಯಲಿಗಿಂತ ಇದಕ್ಕೆ ಎಷ್ಟೋ ಪಟ್ಟು ಬೆಲೆ. ತಯಾರಿಕೆಯ ದೋಷದಿಂದ ಬಣ್ಣ ಹಾರಿದ ಡಯಲಿನ ವಾಚನ್ನು ನಮ್ಮಲ್ಲಿ ಗ್ಯಾರಂಟಿ ಕಾರ್ಡಿನ ಸಮೇತ ಅಂಗಡಿಗೇ ಹಿಂದಿರುಗಿಸುತ್ತಿದ್ದರು. ಒಂದು ವಾಚು ಹೀಗೆ ಹಣ್ಣಾಗಲು ನಾಲ್ಕೈದು ದಶಕ ಬೇಕು, ಎರಡು ವಾಚು ಒಂದೇ ರೀತಿ ಹಣ್ಣಾಗುವುದಿಲ್ಲ, ಇದನ್ನು ಮನುಷ್ಯರು ಮಾಡಲಾರರು ಎಂಬುದು ಸಂಗ್ರಾಹಕರ ವಾದ. ಕೊನೆಯ ಮಾತು ಪೂರ್ತಿ ನಿಜವಲ್ಲ ಎಂಬುದಕ್ಕೆ ನನ್ನ ಪ್ರವಾಸ ಮುಗಿದ ಎರಡು ವರ್ಷಕ್ಕೆ ಇದೇ ಊರಿನಲ್ಲಿ ಸಾಕ್ಷಿ ಸಿಕ್ಕಿತು. ಕಂದು ಡಯಲಿನ, ಮೊದಲ ಪೀಳಿಗೆಯ ಒಂದು ಓಮೆಗಾ ಸ್ಪೀಡ್‌ಮಾಸ್ಟರ್ ವಾಚು 80,000ದಿಂದ 1,20,000 ಫ್ರಾಂಕಿನ ಅಂದಾಜಿನೊಂದಿಗೆ 2021ರ ನವೆಂಬರಿನಲ್ಲಿ ಹರಾಜಿಗೆ ಬಂದು, 31 ಲಕ್ಷ ಫ್ರಾಂಕಿಗೂ ಹೆಚ್ಚಿಗೆ ಹೋಯಿತು. ಕೊಂಡದ್ದು ಓಮೆಗಾ ಕಂಪನಿಯ ವಸ್ತುಸಂಗ್ರಹಾಲಯವೇ. 2023ರಲ್ಲಿ, ಅದು ಬೇರೆ ಬೇರೆ ವಾಚುಗಳ ಭಾಗಗಳನ್ನು ಕೂಡಿಸಿ ಸಿದ್ಧಪಡಿಸಿದ್ದು, ಇದರಲ್ಲಿ ತನ್ನ ಮಾಜಿ ನೌಕರರ ಕೈವಾಡವಿತ್ತು ಎಂದು ಕಂಪನಿಯೇ ಹೇಳಬೇಕಾಯಿತು.

ಮಧ್ಯಾಹ್ನ 2 ಗಂಟೆಗೆ ಪಾಟೆಕ್ ಫಿಲಿಪ್ ವಸ್ತುಸಂಗ್ರಹಾಲಯ ಬಾಗಿಲು ತೆರೆಯುವುದನ್ನು ಕಾದು ಒಳಹೊಕ್ಕೆ. ಫೋಟೊ ತೆಗೆಯುವಂತಿಲ್ಲ. 16ನೆಯ ಶತಮಾನದ ಗಡಿಯಾರಗಳಿಂದ ಹಿಡಿದು, ಕಂಪನಿಗೆ 150 ವರ್ಷ ತುಂಬಿದ 1989ರಲ್ಲಿ ಮಾಡಿದ, ಕಿಲೋಗಿಂತ ಹೆಚ್ಚು ತೂಕದ, 1,728 ಬಿಡಿಭಾಗಗಳ ಕ್ಯಾಲಿಬರ್ 89ರ ತನಕ ನಾಲ್ಕು ಅಂತಸ್ತುಗಳಲ್ಲಿ ಜೋಡಿಸಿದ್ದಾರೆ. ನಾನು ಹೆಚ್ಚು ಹೊತ್ತು ನಿಂತದ್ದು ಕೆಳಗಿನ ಅಂತಸ್ತಿನಲ್ಲಿ, ಹಳೆಯ ಕೆಲಸದ ಮೇಜುಗಳ ಮತ್ತು ಹತಾರಗಳ ಮುಂದೆ. ಚಿಮುಟ, ಅರ, ಪುಟ್ಟ ಲೇತು, ಸವೆದ ಮರದ ಹಿಡಿಗಳು, ಇವುಗಳಲ್ಲಿ ಹೆಸರು ಹೇಳಲಾಗದ ಸಾಮಾನು ನನಗೆ ಒಂದೆರಡು ಮಾತ್ರ ಕಂಡವು.

ನವೆಂಬರ್ 8, ಶುಕ್ರವಾರ

ಒಂದು ದಿನ ಹರಾಜಿನ ಊರು ಬಿಟ್ಟು ವಾಚು ಮಾಡಿದವರ ಊರಿಗೆ ಹೋಗಿ ಬಂದೆ. ನೂಶಾಟೆಲ್‌ನಲ್ಲಿ ಬದಲಿಸಿದ ರೈಲು ಶಾಂಬ್ರೆಲಿಯೆನ್ ಎಂಬ ಬೆಟ್ಟದ ನಿಲ್ದಾಣದಲ್ಲಿ ನಿಂತು, ಬಂದ ದಿಕ್ಕಿಗೇ ಮುಖ ಮಾಡಿ ಮತ್ತೆ ಮೇಲೇರುತ್ತದೆ. ದಾರಿ ತಪ್ಪಿತೇನೋ ಎಂದು ಎದ್ದು ನಿಂತವನು ನಾನೊಬ್ಬನೇ. ಸುಮಾರು 1,000 ಮೀಟರ್ ಎತ್ತರದಲ್ಲಿರುವ ಲಾ ಶೋ ದ ಫೋನ್ 1794ರಲ್ಲಿ ಬೆಂಕಿಗೆ ಸಿಕ್ಕು, ಮತ್ತೆ ನೇರ ಬೀದಿಗಳ ಚೌಕುಳಿಯಾಗಿ ಎದ್ದ ಪಟ್ಟಣ. ವಾಚಿನ ಕೆಲಸಕ್ಕೆ ಬೆಳಕು ಬೇಕೆಂದು ಸಾಲು ಮನೆಗಳ ನಡುವೆ ಜಾಗ ಬಿಟ್ಟು ಕಟ್ಟಿದ ಈ ಊರನ್ನು ನೆರೆಯ ಲ ಲೋಕ್ಲ್ ಜೊತೆಗೆ 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಲಾಗಿದೆ.

ಇಲ್ಲಿನ ಅಂತರರಾಷ್ಟ್ರೀಯ ಗಡಿಯಾರ ವಸ್ತುಸಂಗ್ರಹಾಲಯದಲ್ಲಿ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ವಾಚುಗಳ ಮುಂದೆ ನಿಂತಾಗ ಎಚ್‌ಎಂಟಿ ನೆನಪಾಗದಿರಲಿಲ್ಲ. ಜಪಾನಿನ ಸೀಕೊ ಕಂಪನಿ 1969ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ತಂದ ಕ್ವಾರ್ಟ್ಜ್ ವಾಚಿನಿಂದ ಮೊದಲಾದ ಅಲೆಯಲ್ಲಿ ಸ್ವಿಟ್ಜರ್ಲೆಂಡಿನ ಈ ಉದ್ಯಮದ ಸುಮಾರು ಮೂರನೆಯ ಎರಡು ಭಾಗ ನೌಕರಿಗಳು ಕೊಚ್ಚಿಹೋದವು. ಬ್ಯಾಟರಿಯ ಮುಂದೆ ಕೀಲಿ ಕೊಡುವ ವಾಚು ಕಾಲ ತೋರಿಸುವ ಸಾಧನವಾಗಿ ಸೋತ ಮೇಲೆಯೇ ಅದು ಸಂಗ್ರಾಹಕರ ವಸ್ತುವಾಗಿ ಗೆದ್ದದ್ದು. ಜಿನೀವಾದ ವಾಚ್ ಹರಾಜುಗಳು ಹೆಸರು ಮಾಡಿದ್ದೂ ಆ 1980ರ ದಶಕದಲ್ಲಿಯೇ. ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ನಮ್ಮ ಎಚ್‌ಎಂಟಿ ವಾಚಿಗೆ ಸರ್ಕಾರ 2016ರಲ್ಲಿ ಬೀಗ ಹಾಕಿತು. ಮುಚ್ಚುವ ಸುದ್ದಿ ಬಂದ ಮೇಲೆ ಅದರ ವಾಚುಗಳಿಗೂ ಜನ ಮುಗಿಬಿದ್ದರು. ಬೇರೆ ಬೇರೆ ಬಿಡಿಭಾಗ ಕೂಡಿಸಿ, ಕಂಪನಿ ಎಂದೂ ಮಾಡದ ಬಣ್ಣಗಳಲ್ಲಿ ಡಯಲ್ ಬರೆಸಿ ಎಚ್‌ಎಂಟಿ ಎಂದು ಮಾರುವವರೂ ಹುಟ್ಟಿಕೊಂಡರು.

ನವೆಂಬರ್ 9, ಶನಿವಾರ

ಈ ವಾರದ ಮುಖ್ಯ ದಿನ. ರೋನ್ ನದಿ ಸರೋವರವನ್ನು ಬಿಡುವ ಜಾಗಕ್ಕೆ ಎದುರಾಗಿರುವ ಫೋರ್ ಸೀಸನ್ಸ್ ಬರ್ಗ್ ಹೋಟೆಲಿನಲ್ಲಿ ಕ್ರಿಸ್ಟೀಸ್ ಸಂಸ್ಥೆಯವರು ಓನ್ಲಿ ವಾಚ್ ಹರಾಜನ್ನು ನಡೆಸಿದರು. ಡುಶೆನ್ ಎಂಬ ಸ್ನಾಯುಕ್ಷಯದ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸಲು ಮೊನಾಕೊದ ಲುಕ್ ಪೆಟ್ಟಾವಿನೊ ಆರಂಭಿಸಿದ ದಾನದ ಹರಾಜು ಇದು. ಆಗ ಎರಡು ವರ್ಷಕ್ಕೊಮ್ಮೆ ಒಂದೊಂದು ಕಂಪನಿಯೂ ಇದಕ್ಕೆಂದೇ ಒಂದು ವಾಚು ಮಾಡಿಕೊಡುತ್ತಿತ್ತು, ಅಂಥದ್ದನ್ನು ಮತ್ತೆ ಮಾಡುತ್ತಿರಲಿಲ್ಲ. ಅಂದರೆ ಇಲ್ಲಿ ಹಳತಿಗೆ ಜಾಗವಿಲ್ಲ, ಎಲ್ಲವೂ ಹೊಚ್ಚ ಹೊಸದು. ನಾನು ಮೂರು ದಿನ ಕಲಿತ ಪಾಠಕ್ಕೆ ಹೊರತಾದ ಜಾಗ.

ಕುರ್ಚಿ ಸಿಗದೆ ಹಿಂದಿನ ಗೋಡೆಗೆ ಒರಗಿ ನಿಂತೆ. ಪಕ್ಕದ ಉದ್ದ ಮೇಜಿನ ಹಿಂದೆ ಸಂಸ್ಥೆಯ ನೌಕರರು ಟೆಲಿಫೋನ್ ಹಿಡಿದು, ಬಾಯಿಗೆ ಕೈ ಅಡ್ಡವಿಟ್ಟು, ಕಾಣದ ಗಿರಾಕಿಗಳ ಜೊತೆ ಪಿಸುಗುಡುತ್ತಿದ್ದರು. 4,500ರಿಂದ 5,500 ಫ್ರಾಂಕ್ ಎಂದು ಅಂದಾಜಿಸಿದ್ದ ಒಂದು ಕಪ್ಪು ಸೆರಾಮಿಕ್ ಟ್ಯೂಡರ್ 3,50,000 ಫ್ರಾಂಕಿಗೆ ಹೋಯಿತು. ಆಮೇಲೆ ಪಾಟೆಕ್ ಫಿಲಿಪ್ ಸರದಿ: ಗ್ರ್ಯಾಂಡ್‌ಮಾಸ್ಟರ್ ಚೈಮ್, ಸಂಖ್ಯೆ 6300ಎ, ಎರಡು ಮುಖಗಳ, ತಿರುಗಿಸಿ ಕಟ್ಟಬಹುದಾದ, ಗಂಟೆ ಬಾರಿಸುವುದೂ ಸೇರಿ 20 ಕಾಂಪ್ಲಿಕೇಶನ್, ಅಂದರೆ ಬರೀ ಹೊತ್ತು ತೋರಿಸುವುದರ ಆಚೆಗಿನ ಕೆಲಸಗಳು, ಇರುವ ವಾಚು. ಅಂದಾಜು 25ರಿಂದ 30 ಲಕ್ಷ ಫ್ರಾಂಕ್. ಸವಾಲು ಆ ಅಂದಾಜನ್ನು ದಾಟಿದ್ದು ಗೊತ್ತಾಗುವಷ್ಟರಲ್ಲಿ ಕೋಟಿ ದಾಟಿತ್ತು. ಅಲ್ಲಿಂದ ಮುಂದೆ ಹತ್ತು ಲಕ್ಷದ ಹೆಜ್ಜೆಗಳು ನೂರು ರೂಪಾಯಿಯ ಹೆಜ್ಜೆಗಳಂತೆ ಕೇಳಿಸುತ್ತಿದ್ದವು. 3 ಕೋಟಿ 10 ಲಕ್ಷ ಫ್ರಾಂಕಿಗೆ ಸುತ್ತಿಗೆ ಬಿದ್ದಿತು, ಅಂದಿನ ದರದಲ್ಲಿ ಸುಮಾರು 220 ಕೋಟಿ ರೂಪಾಯಿ. ಹಾಲಿವುಡ್ ನಟ ಪಾಲ್ ನ್ಯೂಮನ್ ಕಟ್ಟಿದ್ದ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕಿನಲ್ಲಿ ಪಡೆದಿದ್ದ 1.77 ಕೋಟಿ ಡಾಲರು ಕೈಗಡಿಯಾರಕ್ಕೆ ಅದುವರೆಗಿನ ದಾಖಲೆಯಾಗಿತ್ತು. ಹೆನ್ರಿ ಗ್ರೇವ್ಸ್ ಎಂಬ ಬ್ಯಾಂಕರ್‌ಗಾಗಿ ಮಾಡಿದ್ದ ಜೇಬುಗಡಿಯಾರ 2014ರಲ್ಲಿ ಇದೇ ಜಿನೀವಾದಲ್ಲಿ ಪಡೆದ ಸುಮಾರು 2.4 ಕೋಟಿ ಡಾಲರು ಎಲ್ಲ ಬಗೆಯ ಗಡಿಯಾರಗಳ ದಾಖಲೆ. ಎರಡೂ ಒಂದೇ ಮಧ್ಯಾಹ್ನ ಬಿದ್ದವು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಆ ವಾಚು ಚಿನ್ನದ್ದಲ್ಲ, ಪ್ಲಾಟಿನಂ ಕೂಡ ಅಲ್ಲ, ಸ್ಟೀಲಿನದು. ಪಾಟೆಕ್ ಫಿಲಿಪ್‌ನ ಸಂಕೀರ್ಣ ವಾಚುಗಳು ಸಾಮಾನ್ಯವಾಗಿ ಚಿನ್ನದ ಅಥವಾ ಪ್ಲಾಟಿನಂ ಕೇಸಿನಲ್ಲಿ ಬರುವುದರಿಂದ ಸ್ಟೀಲಿನದೇ ಅಪರೂಪ, ಅಪರೂಪವಾದ್ದರಿಂದ ದುಬಾರಿ. 1941ರಿಂದ 1954ರವರೆಗೆ ಮಾಡಿದ ಅವರ 1518 ಎಂಬ ಮಾದರಿಯಲ್ಲಿ 281 ವಾಚುಗಳಿದ್ದು, ಸ್ಟೀಲಿನವು ನಾಲ್ಕೇ ಪತ್ತೆಯಾಗಿವೆ. ಅವುಗಳಲ್ಲಿ ಒಂದಕ್ಕೆ 2016ರಲ್ಲಿ 1.1 ಕೋಟಿ ಫ್ರಾಂಕ್ ಬಂದಿತ್ತು. ಹಳೆಯ ಜರಿ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುತ್ತಿದ್ದ ನಮ್ಮ ಅಜ್ಜಿಯ ವ್ಯಾಪಾರಬುದ್ಧಿಯನ್ನು ಇನ್ನು ಮೇಲೆ ಹಾಸ್ಯ ಮಾಡಬಾರದು ಎಂದುಕೊಂಡೆ.

ಅಪರೂಪವೊಂದರಿಂದಲೇ ಈ ಬೆಲೆಗೆ ಉತ್ತರ ಸಿಗುವುದಿಲ್ಲ. ಹೊರಗೆ ಬಂದು ಬಿಸಿ ಬಿಸಿ ಚೆಸ್ಟ್‌ನಟ್ ತಿನ್ನುತ್ತ ನಿಂತಾಗ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತೇರು ನೆನಪಾಯಿತು. ಅಲ್ಲಿ ತಿಪ್ಪೇರುದ್ರಸ್ವಾಮಿಯ ತೇರು ಹೊರಡುವ ಮೊದಲು ಮುಕ್ತಿ ಬಾವುಟವನ್ನು ಹರಾಜು ಹಾಕುತ್ತಾರೆ, ಸವಾಲು ಲಕ್ಷಗಟ್ಟಲೆ ಏರುತ್ತದೆ. ಬಟ್ಟೆಯ ಬೆಲೆ ಎಷ್ಟು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಆ ವರ್ಷ ಬಾವುಟ ಯಾರ ಪಾಲಾಯಿತು ಎಂಬುದು ಜಾತ್ರೆಗೆ ಬಂದವರಿಗೆಲ್ಲ ಗೊತ್ತಾಗುತ್ತದೆ. ಇಲ್ಲಿ ಮಾತ್ರ ಗೆದ್ದವನು ಟೆಲಿಫೋನಿನ ಆಚೆ ಹೆಸರಿಲ್ಲದೆ ಉಳಿದ.

ನವೆಂಬರ್ 10, ಭಾನುವಾರ

ಮತ್ತೆ ಲಾ ರಿಸರ್ವ್. ದಾನದ ಹರಾಜಿಗೂ ವ್ಯಾಪಾರದ ಹರಾಜಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಯಿತು. ವೇದಿಕೆಯಲ್ಲಿ ಔರೆಲ್ ಬಾಕ್ಸ್ ಅವರು ಇಂಗ್ಲಿಷಿನಿಂದ ಫ್ರೆಂಚಿಗೆ, ಅಲ್ಲಿಂದ ಇಟಾಲಿಯನ್ನಿಗೆ ಜಿಗಿಯುತ್ತ, ಹಿಂಜರಿಯುವ ಗಿರಾಕಿಯನ್ನು ಹೆಸರು ಹಿಡಿದು ಮಾತಾಡಿಸುತ್ತ, ಇನ್ನೊಂದು ಹೆಜ್ಜೆ ಮೇಲೇರಿಸುವ ರೀತಿಯನ್ನು ನೋಡುವುದೇ ಒಂದು ಸೊಗಸು. ಮಾಲೀಕ ಗುಟ್ಟಾಗಿ ನಿಗದಿ ಮಾಡಿದ ಕನಿಷ್ಠ ಬೆಲೆ ಮುಟ್ಟದಿದ್ದರೆ ವಾಚು ಮಾರಾಟವಾಗುವುದಿಲ್ಲ. ಆ ಬೆಲೆ ಮುಟ್ಟುವ ತನಕ ಮಾಲೀಕನ ಪರವಾಗಿ ಸವಾಲು ಕೂಗುವ ಹಕ್ಕು ಹರಾಜು ನಡೆಸುವವರಿಗೇ ಇರುತ್ತದೆ, ನಿಯಮಾವಳಿಯಲ್ಲಿ ಅದನ್ನು ಅಚ್ಚು ಮಾಡಿಯೇ ಇರುತ್ತಾರೆ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಂಡವರು ಆಗ ಶೇ. 25ರಷ್ಟು ಕಮಿಷನ್ ಸೇರಿಸಿ ಕೊಡಬೇಕಿತ್ತು, ಬೆಲೆ ತೀರ ಹೆಚ್ಚಾದಂತೆ ಆ ಪ್ರಮಾಣ ಇಳಿಯುತ್ತಿತ್ತು. ಪತ್ರಿಕೆಗಳಲ್ಲಿ ಬರುವುದು ಎಲ್ಲ ಕೂಡಿಸಿದ ಮೊತ್ತ.

ವಾಚಿನ ಹಿಂದಿನ ಕಥೆಗೆ ಬೀಳುವ ಬೆಲೆ ಬೇರೆಯೇ. ವಿಯೆಟ್ನಾಮಿನ ಕೊನೆಯ ಚಕ್ರವರ್ತಿ ಬಾವೊ ಡಾಯ್ 1954ರಲ್ಲಿ ಜಿನೀವಾದಲ್ಲಿ ಕೊಂಡ ಕಪ್ಪು ಡಯಲಿನ ರೋಲೆಕ್ಸ್ 2002ರಲ್ಲಿ 3,42,000 ಫ್ರಾಂಕಿಗೆ ಮಾರಾಟವಾಗಿ, 2017ರಲ್ಲಿ 50 ಲಕ್ಷ ಫ್ರಾಂಕ್ ದಾಟಿತು. ಹದಿನೈದು ವರ್ಷದಲ್ಲಿ ವಾಚು ಬದಲಾಗಿರಲಿಲ್ಲ, ಅದನ್ನು ನೋಡುವ ಕಣ್ಣು ಬದಲಾಗಿತ್ತು.

ಗುರುವಾರ ಕೈಯಲ್ಲಿ ಹಿಡಿದಿದ್ದ ಕಂದು ಡಯಲಿನ ರೋಲೆಕ್ಸ್ ಬಂದಾಗ ಗುರುತಿನವರನ್ನು ಕಂಡಂತೆ ನೆಟ್ಟಗೆ ಕೂತೆ. ಅಂದಾಜನ್ನು ದಾಟಿಯೇ ಹೋಯಿತು.

ರಾತ್ರಿ ಹೋಟೆಲಿನ ಮೇಜಿನ ದೀಪದ ಕೆಳಗೆ, ಸಂತೆಯಲ್ಲಿ ಕೊಂಡ ಐಗ್ಲಾಸ್ ಕಣ್ಣಿಗಿಟ್ಟು ನನ್ನ ಜನತಾವನ್ನು ಪರೀಕ್ಷಿಸಿದೆ. ಮಾಡಬಾರದಿತ್ತು. ನಿಮಿಷದ ಗೆರೆಗಳಲ್ಲಿ ಏಳರ ಹತ್ತಿರದ ಒಂದು ಉಳಿದವಕ್ಕಿಂತ ದಪ್ಪ, ಹತ್ತರ ಹತ್ತಿರದ ಒಂದು ಅಂಚಿನ ತನಕ ಹೋಗಿರಲಿಲ್ಲ, ಅಕ್ಷರಗಳ ಬದಿ ಕೂದಲೆಳೆಯಷ್ಟು ಕದಡಿತ್ತು. ಕೇಸಿನ ಕಾಲುಗಳು ಸೋಪಿನ ಬಿಲ್ಲೆಯಂತೆ ನುಣ್ಣಗಿದ್ದವು.

ನವೆಂಬರ್ 11, ಸೋಮವಾರ

ಬೆಳಿಗ್ಗೆ ಏಳಕ್ಕೆ, ಅಂದರೆ ಊರಿನ ಹನ್ನೊಂದೂವರೆಗೆ, ತಂದೆಯವರಿಗೆ ಫೋನ್ ಮಾಡಿ ಕೇಳಿದೆ. "ಹೌದಪ್ಪ, ನಾನೇ ಬರೆಸಿದ್ದು," ಎಂದರು ಯಾವ ಮುಚ್ಚುಮರೆಯೂ ಇಲ್ಲದೆ. "ನೀನು ಎಸ್ಸೆಸ್ಸೆಲ್ಸಿ ಓದುವಾಗ ಮಳೇಲಿ ನೆಂದು ಡಯಲೆಲ್ಲ ಕಲೆ ಆಗಿತ್ತು. ಪರೀಕ್ಷೆಗೆ ಕಟ್ಕೊಂಡು ಹೋಗೋ ವಾಚು ಹಂಗಿದ್ದರೆ ಆಗುತ್ತಾ? ಯಾಕೆ, ಏನಾದ್ರೂ ನಿಂತೋಯ್ತಾ?" ನಿಂತಿಲ್ಲ, ಚೆನ್ನಾಗಿ ನಡೆಯುತ್ತಿದೆ ಎಂದೆ. ಅಂದು ಕ್ರಿಸ್ಟೀಸ್‌ನವರ ಇನ್ನೊಂದು ಹರಾಜು ಇತ್ತು, ನನ್ನ ವಿಮಾನಕ್ಕೆ ಹೊತ್ತಾಗಿದ್ದರಿಂದ ಹೋಗಲಿಲ್ಲ.

ತುಮಕೂರಿಗೆ ಹೋದದ್ದು ಅದರ ಮುಂದಿನ ಭಾನುವಾರ. ಎರಡು ಕಿಲೋ ತೂಗುವ ಹರಾಜಿನ ಕ್ಯಾಟಲಾಗನ್ನು ತಂದೆಯವರ ಮುಂದಿಟ್ಟೆ. ಅವರು ತಮ್ಮ ಹಳೆಯ ಐಗ್ಲಾಸ್ ತರಿಸಿಕೊಂಡು, ಅಚ್ಚಾದ ಚಿತ್ರಗಳನ್ನೇ ನಿಜವಾದ ವಾಚುಗಳೆಂಬಂತೆ ಬಗ್ಗಿ ನೋಡುತ್ತ, ಪುಟ ತಿರುವುತ್ತ ಬಂದವರು ಕಂದು ಡಯಲಿನ ರೋಲೆಕ್ಸ್ ಇದ್ದ ಪುಟದಲ್ಲಿ ನಿಂತರು. ಬಹಳ ಹೊತ್ತು ನೋಡಿದರು. ಅದರ ಬೆಲೆಯನ್ನು ನಾನಿನ್ನೂ ಹೇಳಿರಲಿಲ್ಲ.

"ಮಷೀನು ಒಳ್ಳೇದು ಕಣಪ್ಪ, ಡಯಲ್ ಮಾತ್ರ ಪೂರ್ತಿ ಹೋಗಿಬಿಟ್ಟಿದೆ," ಎಂದು ಐಗ್ಲಾಸ್ ತೆಗೆದರು. "ಯಾರ್ದು ಇದು? ತಂದುಕೊಟ್ಟರೆ ಕಪ್ಪು ಹೊಡೆಸಿ ಹೊಸದ್ರಂಗೆ ಮಾಡಿಸಿಕೊಡಬಹುದು. ಮುನ್ನೂರು ರೂಪಾಯಿ ಒಳಗೆ ಆಗುತ್ತೆ."